ಲೇಸರ್ ಕ್ಯಾತಿಟರ್‌ನ ಬುಡದಲ್ಲಿ ಕೂತ ಪುಟ್ಟ ಚಿಪ್: ಸ್ಮಾರ್ಟ್ ಕನೆಕ್ಟರ್ ಅಂದರೇನು?

ಮನೆಯಲ್ಲಿ ಯಾರಿಗೋ ಕಾಲಿನ ರಕ್ತನಾಳ ಉಬ್ಬಿದೆ. ಅಥವಾ ಕಿಡ್ನಿಯಲ್ಲಿ ಕಲ್ಲು. ಅಥವಾ ಹೃದಯದ ರಕ್ತನಾಳದಲ್ಲಿ ಹಳೇ ಸ್ಟೆಂಟ್ ಒಳಗೇ ಮತ್ತೆ ಅಡಚಣೆ. ವೈದ್ಯರು "ಲೇಸರ್‌ನಲ್ಲಿ ಮಾಡೋಣ" ಅನ್ನುತ್ತಾರೆ. ಆ ಕ್ಷಣದಿಂದ ನಮ್ಮ ಪ್ರಶ್ನೆಗಳೆಲ್ಲ ಬೆಳಕಿನ ಸುತ್ತಲೇ ಸುತ್ತುತ್ತವೆ. ಸುಡುತ್ತದಾ? ನೋಯುತ್ತದಾ? ಆಮೇಲೆ ಬಿಲ್ ಕೈಗೆ ಬಂದಾಗ "ಲೇಸರ್ ಫೈಬರ್, ಒಂದು ಸಲದ ಬಳಕೆಗೆ" ಅಂತ ಒಂದು ಸಾಲು ಕಾಣುತ್ತದೆ. ಒಂದು ತೆಳು ತಂತಿಗೆ ಇಷ್ಟೊಂದು ಯಾಕೆ ಅನ್ನಿಸುವುದು ಸಹಜ.

ಆ ತಂತಿಯ ಒಂದು ತುದಿ ದೇಹದೊಳಗೆ ಹೋಗುತ್ತದೆ. ಇನ್ನೊಂದು ತುದಿ ಯಂತ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಎಲ್ಲರೂ ಮೊದಲನೇ ತುದಿಯ ಬಗ್ಗೆ ಮಾತಾಡುತ್ತಾರೆ. ಈ ಲೇಖನ ಎರಡನೇ ತುದಿಯ ಬಗ್ಗೆ. ಹೆಬ್ಬೆರಳಿನಷ್ಟು ದೊಡ್ಡ ಆ ಪ್ಲಗ್ ಒಳಗೆ ಈಗೀಗ ಒಂದು ಚಿಪ್ ಕೂತಿರುತ್ತದೆ. ಯಂತ್ರ ಬೆಳಕು ಬಿಡಬೇಕಾ ಬೇಡವಾ, ಬಿಟ್ಟರೆ ಎಷ್ಟು ಅನ್ನುವುದನ್ನು ಅದು ಆ ಚಿಪ್‌ನ ಕೇಳಿ ತಿಳಿದುಕೊಳ್ಳುತ್ತದೆ.

ಮೊದಲು ಕ್ಯಾತಿಟರ್

ಕ್ಯಾತಿಟರ್ ಅಂದರೆ ದೇಹದ ಒಳದಾರಿಗಳಲ್ಲಿ ಜಾರಿಸುವ ತೆಳು, ಮೆದು ನಳಿಕೆ. ಮೂತ್ರ ಹೊರಗೆ ತರಲು ಹಾಕುವ ನಳಿಕೆ ಎಲ್ಲರಿಗೂ ಗೊತ್ತು. ರಕ್ತನಾಳದ ಮೂಲಕ ಹೃದಯದವರೆಗೂ ಇಂಥ ನಳಿಕೆ ಕಳಿಸಬಹುದು ಅಂತ ತೋರಿಸಿದವರು ಜರ್ಮನಿಯ ಯುವ ವೈದ್ಯ ವರ್ನರ್ ಫೋರ್ಸ್‌ಮನ್. 1929ರಲ್ಲಿ ಅವರು ತಮ್ಮ ತೋಳಿನ ರಕ್ತನಾಳಕ್ಕೇ ನಳಿಕೆ ಹಾಕಿಕೊಂಡು, ಅದನ್ನು ಹೃದಯದವರೆಗೆ ತಳ್ಳಿ, ಎಕ್ಸ್‌ರೇ ತೆಗೆಸಿದರು. ಆಗ ಬೈಸಿಕೊಂಡರು. 1956ರಲ್ಲಿ ಇನ್ನಿಬ್ಬರ ಜೊತೆ ನೊಬೆಲ್ ಪ್ರಶಸ್ತಿ ಪಡೆದರು.

ಕ್ಯಾತಿಟರ್ ಎಷ್ಟು ದಪ್ಪ ಅನ್ನುವುದನ್ನು ಇಂದಿಗೂ "ಫ್ರೆಂಚ್" ಅನ್ನುವ ಅಳತೆಯಲ್ಲಿ ಹೇಳುತ್ತಾರೆ. 3 ಫ್ರೆಂಚ್ ಅಂದರೆ 1 ಮಿಲಿಮೀಟರ್ ವ್ಯಾಸ. ಹೃದಯದ ರಕ್ತನಾಳಗಳಿಗೆ ಬಳಸುವ ಲೇಸರ್ ಕ್ಯಾತಿಟರ್‌ಗಳು 0.9 ಮಿಲಿಮೀಟರ್‌ನಿಂದ 2 ಮಿಲಿಮೀಟರ್‌ವರೆಗೆ ಇರುತ್ತವೆ. ಅಷ್ಟು ಸಣ್ಣ ಜಾಗದಲ್ಲಿ ದಾರಿ ತೋರುವ ತಂತಿಗೂ ಜಾಗ ಬೇಕು, ಬೆಳಕಿಗೂ ಜಾಗ ಬೇಕು.

ಬೆಳಕು ಬಾಗಿ ಹೋಗುವುದು ಹೇಗೆ?

ಬೆಳಕು ನೇರವಾಗಿ ಹೋಗುತ್ತದೆ ಅಂತ ಶಾಲೆಯಲ್ಲಿ ಓದಿದ್ದೇವೆ. ಆದರೆ ರಕ್ತನಾಳ ನೇರ ಇಲ್ಲವಲ್ಲ! ಇಲ್ಲಿ ಕೆಲಸಕ್ಕೆ ಬರುವುದು ಗಾಜಿನ ಎಳೆ, ಅಂದರೆ ಆಪ್ಟಿಕಲ್ ಫೈಬರ್. ನಡುವೆ ಒಂದು ಬಗೆಯ ಗಾಜು, ಅದರ ಸುತ್ತ ಇನ್ನೊಂದು ಬಗೆಯ ಗಾಜಿನ ಕವಚ. ಒಳಗೆ ಹೋದ ಬೆಳಕು ಓರೆಯಾಗಿ ಕವಚಕ್ಕೆ ಬಡಿದರೆ ಹೊರಗೆ ದಾಟದೆ ಪೂರ್ತಿ ಒಳಕ್ಕೇ ತಿರುಗುತ್ತದೆ. ಹೀಗೆ ಬಡಿದು ತಿರುಗಿ, ಬಡಿದು ತಿರುಗಿ, ಎಳೆ ಬಾಗಿದ ಕಡೆಗೆಲ್ಲ ಬೆಳಕೂ ಬಾಗುತ್ತದೆ. ಪಂಜಾಬಿನಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ ಮತ್ತು ಇಂಗ್ಲೆಂಡಿನ ಹೆರಾಲ್ಡ್ ಹಾಪ್ಕಿನ್ಸ್ 1954ರಲ್ಲಿ ಇಂಥ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನೇ ದಾಟಿಸಿ ತೋರಿಸಿದರು.

ಒಂದು ಷರತ್ತು ಮಾತ್ರ ಇದೆ. ಬೆಳಕು ಎಳೆಯ ಬಾಯೊಳಗೆ ಸರಿಯಾದ ಕೋನದಲ್ಲಿ, ಸರಿಯಾದ ಜಾಗದಲ್ಲಿ ಬೀಳಬೇಕು. ಕೋನ ತಪ್ಪಿದ ಬೆಳಕು ಕವಚ ಸೀಳಿಕೊಂಡು ಹೊರಗೆ ಸೋರುತ್ತದೆ. ಈ ಷರತ್ತನ್ನು ನೆನಪಿಟ್ಟುಕೊಳ್ಳಿ, ಕನೆಕ್ಟರ್‌ನ ಕಷ್ಟ ಶುರುವಾಗುವುದೇ ಇಲ್ಲಿಂದ.

ಎಲ್ಲ ಲೇಸರ್ ಒಂದೇ ಅಲ್ಲ

ಮೊದಲ ಲೇಸರ್ ಬೆಳಗಿದ್ದು 1960ರ ಮೇ 16ರಂದು, ಅಮೆರಿಕದಲ್ಲಿ, ಥಿಯೊಡೋರ್ ಮೈಮನ್ ಅವರ ಪ್ರಯೋಗಾಲಯದಲ್ಲಿ. ಲೇಸರ್ ಅಂದರೆ ಒಂದೇ ಬಣ್ಣದ, ಒಂದೇ ದಿಕ್ಕಿನಲ್ಲಿ ಸಾಗುವ ಬೆಳಕು. ಆ ಬಣ್ಣವನ್ನು ಅಲೆಯ ಉದ್ದದಿಂದ ಅಳೆಯುತ್ತಾರೆ, ನ್ಯಾನೋಮೀಟರ್ ಲೆಕ್ಕದಲ್ಲಿ. ಒಂದು ಮಿಲಿಮೀಟರ್‌ನ ಹತ್ತು ಲಕ್ಷದ ಒಂದು ಭಾಗ ಒಂದು ನ್ಯಾನೋಮೀಟರ್.

ದೇಹಕ್ಕೆ ಈ ಬಣ್ಣ ಬಹಳ ಮುಖ್ಯ. 1470 ನ್ಯಾನೋಮೀಟರ್ ಬೆಳಕನ್ನು ನೀರು ಚೆನ್ನಾಗಿ ಹೀರಿಕೊಳ್ಳುತ್ತದೆ. ಅದು ಉಬ್ಬಿದ ರಕ್ತನಾಳದ ಗೋಡೆಯನ್ನು ಬಿಸಿ ಮಾಡಿ ಮುಚ್ಚುತ್ತದೆ. ಕಿಡ್ನಿ ಕಲ್ಲು ಒಡೆಯಲು ಬಳಸುವ ಹೋಲ್ಮಿಯಂ ಲೇಸರ್ ಸುಮಾರು 2100 ನ್ಯಾನೋಮೀಟರ್. ಹೊಸ ಥುಲಿಯಂ ಫೈಬರ್ ಲೇಸರ್ 1940. ಇವೆಲ್ಲ ಕಣ್ಣಿಗೆ ಕಾಣದ ಅವಕೆಂಪು ಬೆಳಕು. ಹೃದಯದ ರಕ್ತನಾಳದ ಅಡಚಣೆಗೂ, ಹಳೇ ಪೇಸ್‌ಮೇಕರ್ ತಂತಿಗಳನ್ನು ಬಿಡಿಸಿ ತೆಗೆಯಲಿಕ್ಕೂ ಬಳಸುವ ಎಕ್ಸೈಮರ್ ಲೇಸರ್ ಪೂರ್ತಿ ಆಚೆ ತುದಿಯದು: 308 ನ್ಯಾನೋಮೀಟರ್, ನೇರಳಾತೀತ.

ಎಕ್ಸೈಮರ್ ಕಥೆ ಸ್ವಲ್ಪ ಹೇಳಲೇಬೇಕು. 1981ರ ನವೆಂಬರ್ 27. ಅಮೆರಿಕದಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ. ಐಬಿಎಂ ಕಂಪನಿಯ ಪ್ರಯೋಗಾಲಯಕ್ಕೆ ರಂಗಸ್ವಾಮಿ ಶ್ರೀನಿವಾಸನ್ ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿಯ ತುಂಡು ತಂದರು. ಅದರ ಮೇಲೆ ಎಕ್ಸೈಮರ್ ಲೇಸರ್ ಬಿಟ್ಟಾಗ ಅಚ್ಚುಕಟ್ಟಾದ ಗೆರೆ ಮೂಡಿತು. ಸುತ್ತ ಕರಕಲಾಗಿರಲಿಲ್ಲ. ಅವರೂ ಜೊತೆಗಾರರಾದ ಜೇಮ್ಸ್ ವಿನ್, ಸ್ಯಾಮ್ಯುಯೆಲ್ ಬ್ಲಮ್ ಅವರೂ ಕಂಡುಕೊಂಡ ಈ ಗುಣದಿಂದಲೇ ಮುಂದೆ ಕಣ್ಣಿನ ಲೇಸಿಕ್ ಚಿಕಿತ್ಸೆ ಹುಟ್ಟಿತು. ಆ ದಿನ ಬಳಸಿದ್ದು 193 ನ್ಯಾನೋಮೀಟರ್ ಬೆಳಕು. ಫೈಬರ್‌ನಲ್ಲಿ ಅದು ಚೆನ್ನಾಗಿ ಸಾಗುವುದಿಲ್ಲ. ಹಾಗಾಗಿ ರಕ್ತನಾಳಕ್ಕೆ 308 ಬಂತು. ಇದು ಅಂಗಾಂಶದೊಳಗೆ ಸುಮಾರು 0.05 ಮಿಲಿಮೀಟರ್ ಮಾತ್ರ ಇಳಿಯುತ್ತದೆ. ಬೆಳಕು ಮಿಡಿತ ಮಿಡಿತವಾಗಿ ಬರುತ್ತದೆ, ಒಂದೊಂದು ಮಿಡಿತವೂ ಸೆಕೆಂಡಿನ ಕೋಟಿಯ ಒಂದು ಭಾಗದ ಆಸುಪಾಸು. ಪದರ ಪದರವಾಗಿ ಕೆರೆದ ಹಾಗೆ ಕೆಲಸ ಮಾಡುತ್ತದೆ.

ಒಂದೊಂದು ಲೇಸರ್‌ಗೂ ಬೇರೆ ಫೈಬರ್ ಬೇಕು, ಬೇರೆ ಶಕ್ತಿ ಬೇಕು, ಬೇರೆ ಮಿತಿ ಬೇಕು. ಆದರೆ ಮೇಲ್ನೋಟಕ್ಕೆ ಎಲ್ಲ ಫೈಬರ್‌ಗಳೂ ಒಂದೇ ಥರ ಕಾಣುತ್ತವೆ.

ಕನೆಕ್ಟರ್ ಅನ್ನುವ ಕಷ್ಟದ ಜಾಗ

ಮನೆಯ ವಿದ್ಯುತ್ ಪ್ಲಗ್‌ನಲ್ಲಿ ಲೋಹಕ್ಕೆ ಲೋಹ ತಾಗಿದರೆ ಸಾಕು, ಕೆಲಸ ಆಗುತ್ತದೆ. ಸ್ವಲ್ಪ ಸಡಿಲ ಇದ್ದರೂ ಬಲ್ಬ್ ಉರಿಯುತ್ತದೆ. ಬೆಳಕಿನ ಪ್ಲಗ್ ಹಾಗಲ್ಲ.

ಒಂದು ಲೆಕ್ಕ ಹಾಕೋಣ. ಕಿಡ್ನಿ ಕಲ್ಲಿಗೆ ಬಳಸುವ ಸಣ್ಣ ಫೈಬರ್‌ನ ನಡುವಿನ ಗಾಜು ಸುಮಾರು 0.2 ಮಿಲಿಮೀಟರ್ ಅಗಲ. ಎರಡು ಮೂರು ಕೂದಲು ಜೋಡಿಸಿದಷ್ಟು. ಯಂತ್ರದಿಂದ ಬರುವ 60 ವ್ಯಾಟ್ ಬೆಳಕನ್ನು ಒಂದು ಮಸೂರ ಆ ಚುಕ್ಕೆಗೆ ಇಳಿಸುತ್ತದೆ. ಚುಕ್ಕೆಯ ವಿಸ್ತಾರ ಒಂದು ಚದರ ಮಿಲಿಮೀಟರ್‌ನ ನೂರಕ್ಕೆ ಮೂರು ಭಾಗ. ಅಂದರೆ ಒಂದು ಚದರ ಮಿಲಿಮೀಟರ್‌ಗೆ ಸುಮಾರು 1900 ವ್ಯಾಟ್ ಆಯಿತು. ನಡುಮಧ್ಯಾಹ್ನದ ಬಿಸಿಲು ಅಷ್ಟೇ ಜಾಗಕ್ಕೆ ಕೊಡುವುದು 0.001 ವ್ಯಾಟ್. ಕನೆಕ್ಟರ್‌ನ ಬಾಯಲ್ಲಿ ಬೀಳುವ ಬೆಳಕು ಬಿಸಿಲಿಗಿಂತ 19 ಲಕ್ಷ ಪಟ್ಟು ತೀವ್ರ!

ಈಗ ಆ ಗಾಜಿನ ಮುಖದ ಮೇಲೆ ಒಂದು ಧೂಳಿನ ಕಣ ಇದೆ ಅಂದುಕೊಳ್ಳಿ. ಅಥವಾ ಯಾರೋ ಬೆರಳು ತಾಗಿಸಿದ ಜಿಡ್ಡು. ಗಾಜು ಬೆಳಕನ್ನು ದಾಟಿಸುತ್ತದೆ, ಧೂಳು ಹೀರಿಕೊಳ್ಳುತ್ತದೆ. ಹೀರಿಕೊಂಡದ್ದು ಆ ಕ್ಷಣದಲ್ಲೇ ಸುಟ್ಟು ಗಾಜಿನ ಮೇಲೆ ಕಪ್ಪು ಕಲೆ ಬಿಡುತ್ತದೆ. ಕಲೆ ಇನ್ನಷ್ಟು ಬೆಳಕು ಹೀರುತ್ತದೆ. ನೋಡನೋಡುತ್ತಿದ್ದ ಹಾಗೆ ಕನೆಕ್ಟರ್ ಸುಡುತ್ತದೆ. ಕೆಲವೊಮ್ಮೆ ಆ ಮಸಿ ಯಂತ್ರದ ಒಳಗಿನ ಮಸೂರದ ಮೇಲೂ ಹಾರುತ್ತದೆ. ಅದಕ್ಕೇ ಯಂತ್ರಗಳಲ್ಲಿ ಮಸೂರದ ಮುಂದೆ ಬದಲಾಯಿಸಬಹುದಾದ ರಕ್ಷಣೆಯ ಗಾಜು ಇಟ್ಟಿರುತ್ತಾರೆ.

ಧೂಳೇ ಇಲ್ಲದಿದ್ದರೂ ಜೋಡಣೆ ಒಂದು ಕೂದಲಿನಷ್ಟು ಪಕ್ಕಕ್ಕೆ ಸರಿದರೆ ಬೆಳಕಿನ ಒಂದು ಭಾಗ ನಡುಗಾಜಿಗೆ ಬೀಳದೆ ಸುತ್ತಲ ಲೋಹಕ್ಕೆ ಬೀಳುತ್ತದೆ. ಜೊತೆಗೆ ಗಾಜಿನ ಮುಖ ಎಷ್ಟೇ ಚೊಕ್ಕ ಇದ್ದರೂ ನೂರಕ್ಕೆ ಮೂರು ನಾಲ್ಕು ಪಾಲು ಬೆಳಕನ್ನು ಕನ್ನಡಿಯ ಹಾಗೆ ಹಿಂದಕ್ಕೆ ಕಳಿಸುತ್ತದೆ. ಅದನ್ನು ತಪ್ಪಿಸಲು ಮುಖಕ್ಕೆ ವಿಶೇಷ ಲೇಪ ಬೇಕು.

ಇನ್ನೊಂದು ತೊಂದರೆ ಸ್ವಲ್ಪ ವಿಚಿತ್ರದ್ದು. ವೈದ್ಯಕೀಯ ಲೇಸರ್‌ಗಳಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿರುವ ಕನೆಕ್ಟರ್ ಎಸ್‌ಎಂಎ 905. ತಿರುಪು ಹಾಕಿ ಬಿಗಿಯುವ ಸಣ್ಣ ಲೋಹದ ಪ್ಲಗ್. ಇದು ಎಷ್ಟು ಸಾಮಾನ್ಯ ಅಂದರೆ 0.2 ಮಿಲಿಮೀಟರ್ ಫೈಬರ್‌ಗೂ ಅದೇ, 0.6 ಮಿಲಿಮೀಟರ್ ಫೈಬರ್‌ಗೂ ಅದೇ. ಯಾವುದನ್ನು ಎಲ್ಲಿಗೆ ಬೇಕಾದರೂ ತಿರುಗಿಸಿ ಕೂರಿಸಬಹುದು. ಅನುಕೂಲವೂ ಇದೇ, ಅಪಾಯವೂ ಇದೇ. ದಪ್ಪ ಫೈಬರ್‌ಗೆ ಹೊಂದಿಸಿದ ಯಂತ್ರಕ್ಕೆ ತೆಳು ಫೈಬರ್ ಹಾಕಿದರೆ ಚುಕ್ಕೆ ಬಾಯಿಗಿಂತ ದೊಡ್ಡದಾಗುತ್ತದೆ. ಯಂತ್ರಕ್ಕೆ ಅದು ಗೊತ್ತಾಗುವ ದಾರಿಯೇ ಇರಲಿಲ್ಲ. ಪ್ಲಗ್ ಕೂತಿತು, ಪೆಡಲ್ ಒತ್ತಿದರು, ಬೆಳಕು ಬಿಟ್ಟಿತು. ಅಷ್ಟೇ.

ಹಾಗಾದರೆ "ಸ್ಮಾರ್ಟ್" ಆಗುವುದು ಎಲ್ಲಿ?

ಹಳೇ ಉಪಾಯ ಸರಳವಾಗಿತ್ತು. ಪ್ಲಗ್ ಪೂರ್ತಿ ಕೂತರೆ ಮಾತ್ರ ಒಂದು ಸಣ್ಣ ಸ್ವಿಚ್ ಒತ್ತಿಕೊಳ್ಳುತ್ತದೆ. ಸ್ವಿಚ್ ಒತ್ತದಿದ್ದರೆ ಲೇಸರ್ ಬರುವುದಿಲ್ಲ. ಇದನ್ನು ಇಂಟರ್‌ಲಾಕ್ ಅನ್ನುತ್ತಾರೆ. ಬಾಗಿಲು ಮುಚ್ಚದೆ ವಾಷಿಂಗ್ ಮಷಿನ್ ತಿರುಗುವುದಿಲ್ಲ ಅಲ್ವಾ, ಹಾಗೆ. ಅರ್ಧ ವ್ಯಾಟ್ ದಾಟಿದ ಲೇಸರ್ ಸಾಮಾನ್ಯವಾಗಿ ಅಂತರರಾಷ್ಟ್ರೀಯ ಸುರಕ್ಷತಾ ಮಾನದಂಡದ 4ನೇ ವರ್ಗಕ್ಕೆ, ಅಂದರೆ ಎಲ್ಲಕ್ಕಿಂತ ಅಪಾಯದ ವರ್ಗಕ್ಕೆ ಸೇರುತ್ತದೆ. ಹಾಗಾಗಿ ಯಂತ್ರದ ಸಾಕೆಟ್ ತೆರೆದಿದ್ದಾಗ ಬೆಳಕು ಹೊರಗೆ ಬರಲೇಬಾರದು.

ಆದರೆ ಸ್ವಿಚ್‌ಗೆ "ಯಾರೋ ಬಂದಿದ್ದಾರೆ" ಅಂತಷ್ಟೇ ಗೊತ್ತು. ಯಾರು ಬಂದಿದ್ದಾರೆ ಅಂತ ಗೊತ್ತಿಲ್ಲ. ಅದನ್ನು ತಿಳಿಸುವುದು ಚಿಪ್‌ನ ಕೆಲಸ.

ಚಿಪ್ ಇಡಲು ಮುಖ್ಯವಾಗಿ ಎರಡು ದಾರಿ. ಒಂದು, ಕನೆಕ್ಟರ್ ಮೇಲೆ ಲೋಹದ ಸಣ್ಣ ಬಿಂದುಗಳು. ಪ್ಲಗ್ ಕೂತಾಗ ಇವು ಯಂತ್ರದ ಪಿನ್‌ಗಳಿಗೆ ತಾಗುತ್ತವೆ, ಅದರ ಮೂಲಕ ಯಂತ್ರ ಚಿಪ್‌ನ ನೆನಪನ್ನು ಓದುತ್ತದೆ. ಮೊಬೈಲ್‌ನ ಸಿಮ್ ಕಾರ್ಡ್ ಹೀಗೇ ಕೆಲಸ ಮಾಡುವುದು. ಇನ್ನೊಂದು, ತಾಗದೆಯೇ ಓದುವುದು. ಇದಕ್ಕೆ ಆರ್‌ಎಫ್‌ಐಡಿ ಅನ್ನುತ್ತಾರೆ. ತಟ್ಟಿದರೆ ಸಾಕು ಅನ್ನುವ ಬ್ಯಾಂಕ್ ಕಾರ್ಡ್‌ಗಳು ಬಳಸುವ 13.56 ಮೆಗಾಹರ್ಟ್ಸ್ ರೇಡಿಯೋ ಅಲೆಯನ್ನೇ ಇಲ್ಲೂ ಸಾಮಾನ್ಯವಾಗಿ ಬಳಸುತ್ತಾರೆ.

ಈ ಚಿಪ್‌ಗೆ ಬ್ಯಾಟರಿ ಇಲ್ಲ. ಯಂತ್ರದ ಸಾಕೆಟ್ ಸುತ್ತ ಒಂದು ತಂತಿಯ ಸುರುಳಿ ಇರುತ್ತದೆ. ಅದು ತನ್ನ ಸುತ್ತ ಬದಲಾಗುತ್ತಲೇ ಇರುವ ಕಾಂತಕ್ಷೇತ್ರ ಹುಟ್ಟಿಸುತ್ತದೆ. ಕನೆಕ್ಟರ್‌ನ ಒಳಗೂ ಒಂದು ಪುಟ್ಟ ಸುರುಳಿ. ಹತ್ತಿರ ಬಂದಾಗ ಅದರಲ್ಲಿ ಚೂರು ವಿದ್ಯುತ್ ಹುಟ್ಟುತ್ತದೆ. ತಂತಿಯಿಲ್ಲದೆ ಮೊಬೈಲ್ ಚಾರ್ಜ್ ಆಗುವ ಹಿಂದಿನ ತತ್ವವೂ ಇದೇ. ಆ ಚೂರು ವಿದ್ಯುತ್ತಿನಲ್ಲೇ ಚಿಪ್ ಎಚ್ಚರಗೊಂಡು, ತನ್ನ ವಿವರ ಹೇಳಿ, ದೂರ ಹೋದಾಗ ಮತ್ತೆ ಮಲಗುತ್ತದೆ.

ತಾಗದೆ ಓದುವ ದಾರಿ ಹೃದಯದ ಕ್ಯಾತಿಟರ್‌ಗಳಿಗೆ ಒಂದು ದೊಡ್ಡ ನೆಮ್ಮದಿ ಕೊಡುತ್ತದೆ. ಹೃದಯದೊಳಗೆ ಕೂತ ತಂತಿಯಲ್ಲಿ ತೀರಾ ಸಣ್ಣ ವಿದ್ಯುತ್ ಸೋರಿದರೂ ಬಡಿತ ಕೆಡಬಹುದು. ಹೃದಯಕ್ಕೆ ತಾಗುವ ಭಾಗಗಳಿಂದ ಸೋರುವ ವಿದ್ಯುತ್ ಮಾಮೂಲಿ ಸ್ಥಿತಿಯಲ್ಲಿ 10 ಮೈಕ್ರೋಆಂಪಿಯರ್ ದಾಟಬಾರದು ಅಂತ ಅಂತರರಾಷ್ಟ್ರೀಯ ನಿಯಮ ಹೇಳುತ್ತದೆ. ಅಂದರೆ ಒಂದು ಆಂಪಿಯರ್‌ನ ಲಕ್ಷದ ಒಂದು ಭಾಗ. ಗಾಜು ವಿದ್ಯುತ್ತನ್ನು ಹರಿಸುವುದಿಲ್ಲ, ಆರ್‌ಎಫ್‌ಐಡಿಗೆ ತಂತಿಯ ಸಂಪರ್ಕವೇ ಬೇಡ. ಬೆಳಕು, ಮಾಹಿತಿ ಎರಡೂ ದಾಟುತ್ತವೆ, ವಿದ್ಯುತ್ ಮಾತ್ರ ದಾಟುವುದಿಲ್ಲ. ನನಗೆ ಈ ಇಡೀ ವಿಷಯದಲ್ಲಿ ಬಹಳ ಚೆಂದ ಅನ್ನಿಸುವುದು ಇದೇ.

ಕಷ್ಟವೂ ಇದೆ. ಎಸ್‌ಎಂಎ ಪ್ಲಗ್ ಲೋಹದ್ದು. ಲೋಹದ ಪಕ್ಕದಲ್ಲಿ ಕಾಂತಕ್ಷೇತ್ರ ಸೊರಗುತ್ತದೆ, ಚಿಪ್‌ಗೆ ಸಾಕಷ್ಟು ವಿದ್ಯುತ್ ಸಿಗುವುದಿಲ್ಲ. ಅದಕ್ಕೇ ಚಿಪ್ಪನ್ನು ಲೋಹದಿಂದ ದೂರ, ಪ್ಲಾಸ್ಟಿಕ್ ಹಿಡಿಯಲ್ಲಿ ಇಡುತ್ತಾರೆ, ಇಲ್ಲವೇ ನಡುವೆ ಫೆರೈಟ್ ಅನ್ನುವ ಕಾಂತೀಯ ವಸ್ತುವಿನ ಹಾಳೆ ಹಾಕುತ್ತಾರೆ. ಓದುವ ದೂರವನ್ನೂ ಬೇಕೆಂದೇ ಕಡಿಮೆ ಇಡುತ್ತಾರೆ. ಇಲ್ಲದಿದ್ದರೆ ಪಕ್ಕದ ಮೇಜಿನ ಮೇಲಿಟ್ಟ ಇನ್ನೊಂದು ಕ್ಯಾತಿಟರ್‌ನ ಚಿಪ್ "ನಾನಿದ್ದೇನೆ" ಅಂತ ಉತ್ತರ ಕೊಟ್ಟುಬಿಟ್ಟರೆ?

ಪ್ಲಗ್ ಕೂತ ಕ್ಷಣದಿಂದ ಏನೇನಾಗುತ್ತದೆ

ಚಿಕಿತ್ಸೆಯ ಕೋಣೆಯಲ್ಲಿ ಕ್ಯಾತಿಟರ್ ಪೊಟ್ಟಣ ಬಿಚ್ಚುತ್ತಾರೆ. ಕ್ಯಾತಿಟರ್ ಪೂರ್ತಿ ಕ್ರಿಮಿಶುದ್ಧ. ಯಂತ್ರ ಹಾಗಲ್ಲ. ಹಾಗಾಗಿ ವೈದ್ಯರು ದೇಹದ ಕಡೆಯ ತುದಿ ತಮ್ಮಲ್ಲಿಟ್ಟುಕೊಂಡು, ಪ್ಲಗ್ ಇರುವ ತುದಿಯನ್ನು ಆಚೆ ನಿಂತ ಸಹಾಯಕರಿಗೆ ಕೊಡುತ್ತಾರೆ. ಅವರು ಮುಚ್ಚಳ ತೆಗೆದು, ಮುಖಕ್ಕೆ ಬೆರಳು ತಾಗಿಸದೆ, ಸಾಕೆಟ್‌ಗೆ ಕೂರಿಸುತ್ತಾರೆ.

ಅಲ್ಲಿಂದ ಮಾತುಕತೆ ಶುರು. ಯಂತ್ರ ಮೊದಲು ಕೇಳುವುದು: ನೀನು ಯಾವ ಬಗೆ? ಚಿಪ್ ತನ್ನ ಮಾದರಿ, ಫೈಬರ್‌ನ ಅಗಲ, ಯಾವ ಅಲೆಯುದ್ದಕ್ಕೆ ಮಾಡಿದ್ದು, ತಯಾರಿ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಹೇಳುತ್ತದೆ. ಅವಧಿ ಮೀರಿದ್ದರೆ ಪರದೆಯ ಮೇಲೆ ಎಚ್ಚರಿಕೆ ಬರುತ್ತದೆ. ಯಂತ್ರಕ್ಕೆ ಹೊಂದದ ಬಗೆ ಆದರೆ ಪೆಡಲ್ ಎಷ್ಟು ಒತ್ತಿದರೂ ಲೇಸರ್ ಬರುವುದಿಲ್ಲ.

ಮುಂದಿನದು ಮಿತಿಗಳ ಮಾತು. ಇದು ಯಾಕೆ ಮುಖ್ಯ ಅಂತ ಎಕ್ಸೈಮರ್ ಉದಾಹರಣೆಯಲ್ಲಿ ಚೆನ್ನಾಗಿ ಕಾಣುತ್ತದೆ. ಅತಿ ತೆಳುವಾದ 0.9 ಮಿಲಿಮೀಟರ್ ಕ್ಯಾತಿಟರ್‌ನ ಒಂದು ಬಗೆಗೆ ಪ್ರತಿ ಚದರ ಮಿಲಿಮೀಟರ್‌ಗೆ ಶಕ್ತಿ 80 ಮಿಲಿಜೂಲ್‌ವರೆಗೆ, ಸೆಕೆಂಡಿಗೆ 80 ಮಿಡಿತದವರೆಗೆ ಕೊಡಬಹುದು. 10 ಸೆಕೆಂಡು ಬೆಳಕು, 5 ಸೆಕೆಂಡು ವಿರಾಮ. ದೊಡ್ಡ ಕ್ಯಾತಿಟರ್‌ಗಳಿಗೆ ಮಿತಿ 60 ಮಿಲಿಜೂಲ್, 40 ಮಿಡಿತ. ಅವುಗಳಲ್ಲಿ 5 ಸೆಕೆಂಡು ಬೆಳಕು, 10 ಸೆಕೆಂಡು ವಿರಾಮ. ಒಂದರ ಅಂಕಿಗಳನ್ನು ಇನ್ನೊಂದಕ್ಕೆ ಹಾಕಿದರೆ ಏನಾದೀತು ಯೋಚಿಸಿ. ಈ ಅಂಕಿಗಳನ್ನು ಯಾರೋ ನೆನಪಿನಿಂದ ಒತ್ತುವ ಬದಲು ಕ್ಯಾತಿಟರೇ ಹೊತ್ತು ತಂದರೆ ಕೈತಪ್ಪಿಗೆ ಜಾಗ ಕಡಿಮೆ.

ಇನ್ನು ಹೊಂದಿಸುವ ಕೆಲಸ, ಅಂದರೆ ಕ್ಯಾಲಿಬ್ರೇಷನ್. ಒಂದೇ ದಿನ, ಒಂದೇ ಕಡೆ ತಯಾರಾದ ಎರಡು ಕ್ಯಾತಿಟರ್‌ಗಳೂ ಬೆಳಕನ್ನು ಒಂದೇ ಅಳತೆಯಲ್ಲಿ ದಾಟಿಸುವುದಿಲ್ಲ. ಒಂದು ನೂರಕ್ಕೆ 85 ದಾಟಿಸಿದರೆ ಇನ್ನೊಂದು 80 ದಾಟಿಸಬಹುದು ಅಂದುಕೊಳ್ಳಿ. ತುದಿಯಲ್ಲಿ ಒಂದೇ ಶಕ್ತಿ ಬರಬೇಕಾದರೆ ಯಂತ್ರ ಎರಡನೆಯದಕ್ಕೆ ಸ್ವಲ್ಪ ಜಾಸ್ತಿ ಕೊಡಬೇಕು. ಎಕ್ಸೈಮರ್ ಚಿಕಿತ್ಸೆಯಲ್ಲಿ ಇದಕ್ಕಾಗಿ ಕ್ಯಾತಿಟರ್‌ನ ತುದಿಯನ್ನು ಯಂತ್ರದ ಅಳತೆಗಣ್ಣಿನ ಮುಂದೆ ಹಿಡಿದು ಬೆಳಕು ಬಿಟ್ಟು ನೋಡುತ್ತಾರೆ. ಕಾರ್ಖಾನೆಯಲ್ಲೇ ಅಳೆದ ಅಂಕಿಯನ್ನು ಚಿಪ್‌ನಲ್ಲಿ ಬರೆದಿಟ್ಟರೆ ಯಂತ್ರ ಎರಡನ್ನೂ ಹೋಲಿಸಬಹುದು. ಕಾರ್ಖಾನೆಯಲ್ಲಿ 85 ಇದ್ದದ್ದು ಇಲ್ಲಿ 60ಕ್ಕೆ ಇಳಿದಿದ್ದರೆ ಎಲ್ಲೋ ಎಳೆ ಮುರಿದಿದೆ, ಅಥವಾ ಬಾಯಿ ಕೊಳೆಯಾಗಿದೆ. ದೇಹದೊಳಗೆ ಹೋಗುವ ಮೊದಲೇ ಅದು ತಿಳಿಯುತ್ತದೆ.

ಚಿಕಿತ್ಸೆ ನಡೆಯುವಾಗಲೂ ಚಿಪ್ ಸುಮ್ನೆ ಕೂರುವುದಿಲ್ಲ. ಎಷ್ಟು ಹೊತ್ತು ಬೆಳಕು ಬಿಟ್ಟಾಯಿತು, ಎಷ್ಟು ಮಿಡಿತ ಆಯಿತು ಅನ್ನುವುದನ್ನು ಯಂತ್ರ ಅದರಲ್ಲಿ ಬರೆಯುತ್ತಾ ಹೋಗಬಹುದು. ನೇರಳಾತೀತ ಬೆಳಕಿಗೆ ಇದು ಜಾಸ್ತಿ ಅನ್ವಯಿಸುತ್ತದೆ. ಬಿಸಿಲಿಗೆ ಬಿಟ್ಟ ಪ್ಲಾಸ್ಟಿಕ್ ಬಕೆಟ್ ಬಣ್ಣ ಕೆಡುವ ಹಾಗೆ, ನೇರಳಾತೀತ ಬೆಳಕು ಹರಿದಷ್ಟೂ ಗಾಜು ನಿಧಾನವಾಗಿ ಮಬ್ಬಾಗುತ್ತದೆ. ಎಷ್ಟು ಬೆಳಕು ಹರಿದಿದೆ ಅಂತ ಗೊತ್ತಿದ್ದರೆ ಎಳೆ ಎಷ್ಟು ದಣಿದಿದೆ ಅಂತಲೂ ಅಂದಾಜು ಸಿಗುತ್ತದೆ.

ಕನೆಕ್ಟರ್‌ಗೆ ಕಣ್ಣು, ಚರ್ಮ ಕೊಟ್ಟರೆ

ನೆನಪು ಇರುವುದು ಒಂದು ಮಟ್ಟದ ಜಾಣತನ. ಅನುಭವಿಸುವುದು ಅದರ ಮುಂದಿನದು. ಕೆಲವು ವಿನ್ಯಾಸಗಳಲ್ಲಿ ಕನೆಕ್ಟರ್ ಇಲ್ಲವೇ ಸಾಕೆಟ್ ಬಳಿ ಬಿಸಿ ಅಳೆಯುವ ಸಂವೇದಕ ಇರುತ್ತದೆ. ಬೆಳಕು ಸರಿಯಾಗಿ ಒಳಗೆ ಹೋಗುತ್ತಿದ್ದರೆ ಪ್ಲಗ್ ತಣ್ಣಗೇ ಇರಬೇಕು. ಬಿಸಿಯಾಗುತ್ತಿದೆ ಅಂದರೆ ಬೆಳಕು ಎಲ್ಲೋ ಲೋಹಕ್ಕೆ ಬೀಳುತ್ತಿದೆ. ಸುಡುವ ಮೊದಲೇ ಲೇಸರ್ ನಿಲ್ಲಿಸಬಹುದು.

ಇನ್ನೊಂದು, ಹಿಂದಿರುಗುವ ಬೆಳಕನ್ನು ನೋಡುವ ಕಣ್ಣು. ಫೈಬರ್‌ನ ದೂರದ ತುದಿಯಿಂದ ಚೂರು ಬೆಳಕು ಯಾವಾಗಲೂ ವಾಪಸ್ ಬರುತ್ತಿರುತ್ತದೆ. ಎಳೆ ನಡುವೆ ಮುರಿದರೆ ಆ ಪ್ರಮಾಣ ತಟ್ಟನೆ ಬದಲಾಗುತ್ತದೆ. ತುದಿ ವಿಪರೀತ ಕಾದು ಕೆಂಡದ ಹಾಗೆ ಹೊಳೆದರೆ ಆ ಹೊಳಪೂ ಹಿಂದಕ್ಕೆ ಬರುತ್ತದೆ. ಮುರಿದ ಜಾಗದಿಂದ ಲೇಸರ್ ಹೊರಚೆಲ್ಲಿದರೆ ಅದು ವೈದ್ಯರ ಕೈಗೆ, ಕಣ್ಣಿಗೆ, ರೋಗಿಯ ಚರ್ಮಕ್ಕೆ ತಾಗೀತು. ಹಾಗಾಗಿ ಸೆಕೆಂಡಿನ ಸಣ್ಣ ಭಾಗದಲ್ಲೇ ನಿಲ್ಲಿಸುವುದು ಮುಖ್ಯ.

ಸುಡದೆ ನೋಡಲಿಕ್ಕೆ ಮಾತ್ರ ಬೆಳಕು ಬಳಸುವ ಕ್ಯಾತಿಟರ್‌ಗಳೂ ಇವೆ. ಒಸಿಟಿ ಅನ್ನುವ ವಿಧಾನದಲ್ಲಿ ಸುಮಾರು 1300 ನ್ಯಾನೋಮೀಟರ್‌ನ ಮೆಲು ಬೆಳಕು ಕಳಿಸಿ, ರಕ್ತನಾಳದ ಗೋಡೆಯ ಚಿತ್ರವನ್ನು 0.01ರಿಂದ 0.02 ಮಿಲಿಮೀಟರ್‌ನಷ್ಟು ಸೂಕ್ಷ್ಮವಾಗಿ ಬಿಡಿಸುತ್ತಾರೆ. ಇಲ್ಲಿ ಕನೆಕ್ಟರ್ ಬೆಳಕನ್ನು ದಾಟಿಸುವುದರ ಜೊತೆಗೆ ಎಳೆಯನ್ನು ಸೆಕೆಂಡಿಗೆ ನೂರು ಸುತ್ತು, ಅದಕ್ಕಿಂತ ಜಾಸ್ತಿಯೂ ತಿರುಗಿಸಬೇಕು. ಬೆಳಕು ಹರಿಯುವ ನಡುಗಾಜು ಸುಮಾರು 0.009 ಮಿಲಿಮೀಟರ್ ಮಾತ್ರ! ತಿರುಗುತ್ತಲೇ ಆ ಬಾಯಿ ಅಲುಗಬಾರದು. ಹೃದಯದ ಗೋಡೆಗೆ ಕ್ಯಾತಿಟರ್ ಎಷ್ಟು ಗ್ರಾಂ ಒತ್ತುತ್ತಿದೆ ಅಂತ ಫೈಬರ್‌ನ ಬೆಳಕಿನಿಂದಲೇ ಅಳೆಯುವ ಕ್ಯಾತಿಟರ್‌ಗಳೂ ಬಳಕೆಯಲ್ಲಿವೆ. ಇಂಥವುಗಳಲ್ಲಿ ಪ್ರತಿಯೊಂದರ ಬಾಗುವ ಗುಣ ಬೇರೆ. ಆ ಅಳತೆಪಟ್ಟಿ ಜೊತೆಗೇ ಬರದಿದ್ದರೆ ಪರದೆಯ ಮೇಲಿನ ಗ್ರಾಂ ಲೆಕ್ಕಕ್ಕೆ ಅರ್ಥವೇ ಇಲ್ಲ.

ಒಂದೇ ಸಲ ಯಾಕೆ? ನಕಲಿ ತಡೆಯುವುದು ಹೇಗೆ?

ಬಿಲ್‌ನ ಆ ಸಾಲಿಗೆ ಬರೋಣ. ಒಂದು ಸಲದ ಬಳಕೆಗೆ ಅಂತ ಮಾಡಿದ ಕ್ಯಾತಿಟರ್ ಒಳಗೆ ಕೂದಲಿನಂಥ ಸಂದುಗಳು ತುಂಬ. ರಕ್ತದ ಅಂಶ ಒಳಗೆ ಸೇರಿದರೆ ಪೂರ್ತಿ ತೊಳೆಯುವುದು ಕಷ್ಟ. ತುದಿಯ ಗಾಜೂ ಸವೆದಿರುತ್ತದೆ. ಹಾಗಾಗಿ ಚಿಪ್‌ನಲ್ಲಿ "ಬಳಸಿ ಆಯಿತು" ಅಂತ ಗುರುತು ಹಾಕುತ್ತಾರೆ. ಈ ಗುರುತಿನ ವಿಶೇಷ ಅಂದರೆ ಅದನ್ನು ಹಿಂದಕ್ಕೆ ತಿರುಗಿಸಲಾಗದು. ಹರಿದ ಟಿಕೆಟ್ ಮತ್ತೆ ಕೂಡುವುದಿಲ್ಲವಲ್ಲ, ಹಾಗೆ. ಕೆಲವು ಫೈಬರ್‌ಗಳನ್ನು ಹಲವು ಸಲದ ಬಳಕೆಗೇ ಮಾಡಿರುತ್ತಾರೆ. ಅವುಗಳ ಚಿಪ್ ಪ್ರತಿ ಸಲ ಒಂದೊಂದೇ ಎಣಿಸಿ ಮಿತಿ ಮುಟ್ಟಿದಾಗ ನಿಲ್ಲಿಸುತ್ತದೆ.

ಇದರ ಬಗ್ಗೆ ಎರಡು ಮಾತು ಕೇಳಿಬರುತ್ತವೆ. ತಯಾರಕರು ಇದು ಸುರಕ್ಷತೆಗೆ ಅನ್ನುತ್ತಾರೆ. ಚಿಪ್ ಇದ್ದರೆ ಒಂದು ಯಂತ್ರಕ್ಕೆ ಒಂದೇ ಕಂಪನಿಯ ಫೈಬರ್ ಕೊಳ್ಳುವ ಕಟ್ಟುಪಾಡು ಬರುತ್ತದೆ, ಖರ್ಚು ಏರುತ್ತದೆ ಅಂತ ಕೊಳ್ಳುವವರ ಆಕ್ಷೇಪ. ಎರಡೂ ನಿಜ. ಒಂದೇ ಚಿಪ್ ಎರಡೂ ಕೆಲಸ ಮಾಡಬಲ್ಲದು.

ನಕಲಿ ತಡೆಯುವ ರೀತಿ ಬುದ್ಧಿವಂತಿಕೆಯದು. ಚಿಪ್ ಒಂದು ಗುಟ್ಟಿನ ಸಂಖ್ಯೆಯನ್ನು ಸುಮ್ನೆ ಹೇಳಿಬಿಟ್ಟರೆ ಕದ್ದು ಕೇಳಿದವರು ಅದನ್ನೇ ನಕಲಿ ಚಿಪ್‌ಗೆ ಬರೆಯಬಹುದು. ಅದಕ್ಕೇ ಗುಟ್ಟನ್ನು ಹೇಳುವುದೇ ಇಲ್ಲ. ಯಂತ್ರ ಪ್ರತಿ ಸಲ ಒಂದು ಹೊಸ ಸಂಖ್ಯೆ ಕಳಿಸುತ್ತದೆ. ಚಿಪ್ ಆ ಸಂಖ್ಯೆಯನ್ನು ತನ್ನ ಗುಟ್ಟಿನ ಜೊತೆ ಬೆರೆಸಿ, ಕಲಸಿದ ಉತ್ತರ ಮಾತ್ರ ಕೊಡುತ್ತದೆ. ಯಂತ್ರ ತಾನೂ ಅದೇ ಲೆಕ್ಕ ಮಾಡಿ ನೋಡುತ್ತದೆ. ಎರಡೂ ಹೊಂದಿದರೆ ಅಸಲಿ. ಕದ್ದು ಕೇಳಿದವರಿಗೆ ಸಿಗುವುದು ಇವತ್ತಿನ ಪ್ರಶ್ನೆ, ಇವತ್ತಿನ ಉತ್ತರ. ನಾಳೆ ಪ್ರಶ್ನೆಯೇ ಬೇರೆ.

ಚಿಪ್‌ಗೂ ಒಂದು ಪರೀಕ್ಷೆ: ಕ್ರಿಮಿಶುದ್ಧಿ

ಕ್ಯಾತಿಟರ್ ಆಸ್ಪತ್ರೆಗೆ ಬರುವ ಮೊದಲು ಕ್ರಿಮಿಶುದ್ಧಿ ಆಗಬೇಕು. ಚಿಪ್ ಅದರೊಳಗೇ ಇರುತ್ತದೆ, ತೆಗೆದಿಡಲಾಗದು. ಎಥಿಲೀನ್ ಆಕ್ಸೈಡ್ ಅನಿಲದ ವಿಧಾನ ಆದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಗಾಮಾ ಕಿರಣದ ವಿಧಾನದಲ್ಲಿ ಕಷ್ಟ. ಅಲ್ಲಿ ಬಹಳ ಕಡೆ ಬಳಸುವ ವಿಕಿರಣದ ಪ್ರಮಾಣ 25 ಕಿಲೋಗ್ರೇ. ಮಾಮೂಲಿ ಚಿಪ್ ತನ್ನ ನೆನಪನ್ನು ಸಣ್ಣ ಸಣ್ಣ ಕೋಣೆಗಳಲ್ಲಿ ಹಿಡಿದಿಟ್ಟ ವಿದ್ಯುದಾವೇಶವಾಗಿ ಇಡುತ್ತದೆ. ಗಾಮಾ ಕಿರಣ ಆ ಆವೇಶವನ್ನು ಹೊರದೂಡುತ್ತದೆ. ಕ್ರಿಮಿಯ ಜೊತೆ ನೆನಪೂ ಹೋಯಿತು! ಇದಕ್ಕೆ ಒಂದು ಪರಿಹಾರ ಎಫ್‌ರ್ಯಾಮ್ ಅನ್ನುವ ಬೇರೆ ಬಗೆಯ ಮೆಮೊರಿ. ಅದು ಆವೇಶ ಹಿಡಿದಿಡುವ ಬದಲು ವಸ್ತುವಿನೊಳಗಿನ ಪರಮಾಣುಗಳ ವಾಲುವ ದಿಕ್ಕಿನಲ್ಲಿ ನೆನಪಿಡುತ್ತದೆ. ಕಿರಣಕ್ಕೆ ಅದು ಅಷ್ಟು ಸುಲಭಕ್ಕೆ ಅಲುಗುವುದಿಲ್ಲ. ಹಾಗಿದ್ದರೂ ಚಿಪ್‌ನಲ್ಲಿ ಬರೆದ ಪ್ರತಿ ಮಾಹಿತಿಯ ಜೊತೆ ಒಂದು ತಾಳೆಸಂಖ್ಯೆ ಇಡುತ್ತಾರೆ. ಓದಿದ್ದು ತಾಳೆಯಾಗದಿದ್ದರೆ ಯಂತ್ರ ಅಂದಾಜು ಮಾಡಲು ಹೋಗುವುದಿಲ್ಲ. ಲೇಸರ್ ಬಿಡುವುದಿಲ್ಲ, ಅಷ್ಟೇ.

ಕನೆಕ್ಟರ್‌ಗೆ ಗೊತ್ತಿಲ್ಲದ್ದು

ಪ್ಲಗ್ ಎಷ್ಟೇ ಜಾಣ ಆಗಿದ್ದರೂ ಅದು ಇರುವುದು ದೇಹದ ಹೊರಗೆ. ಕ್ಯಾತಿಟರ್‌ನ ತುದಿ ರಕ್ತನಾಳದ ಯಾವ ತಿರುವಿನಲ್ಲಿದೆ, ಗೋಡೆಗೆ ಎಷ್ಟು ಹತ್ತಿರ ಇದೆ, ಅದಕ್ಕೆ ತಿಳಿಯದು. ಎಕ್ಸೈಮರ್ ಲೇಸರ್ ಬಿಡುವಾಗ ಸುತ್ತ ರಕ್ತ ಅಥವಾ ಎಕ್ಸ್‌ರೇಗೆ ಹಾಕುವ ಬಣ್ಣದ ದ್ರವ ಉಳಿದಿದ್ದರೆ ಅವು ಬೆಳಕನ್ನು ಹೀರಿ ಗುಳ್ಳೆ ಎಬ್ಬಿಸುತ್ತವೆ, ರಕ್ತನಾಳದ ಗೋಡೆಗೆ ಪೆಟ್ಟಾಗಬಹುದು. ಅದಕ್ಕೇ ವೈದ್ಯರು ಸಾಮಾನ್ಯವಾಗಿ ಸಲೈನ್ ಹರಿಸಿ ಆ ಜಾಗ ತೊಳೆಯುತ್ತಲೇ ಬೆಳಕು ಬಿಡುತ್ತಾರೆ. ಸಲೈನ್ ಹರಿಯುತ್ತಿದೆಯಾ ಇಲ್ಲವಾ, ಈ ಚಿಪ್‌ಗೆ ಗೊತ್ತಾಗುವುದಿಲ್ಲ. ಅದು ಕೈಯ ಕೆಲಸ, ಕಣ್ಣಿನ ಕೆಲಸ.

ಕೋಣೆಯಲ್ಲಿ ಎಲ್ಲರೂ ಕನ್ನಡಕ ಹಾಕಿದ್ದಾರಾ ಅಂತಲೂ ಅದು ನೋಡಲಾರದು. ಆ ಕನ್ನಡಕವೂ ಲೇಸರ್‌ನ ಬಣ್ಣಕ್ಕೆ ತಕ್ಕದ್ದೇ ಆಗಬೇಕು. 2100ಕ್ಕೆ ಮಾಡಿದ್ದು 308ಕ್ಕೂ ತಡೆಯುತ್ತದೆ ಅಂತ ನಂಬುವ ಹಾಗಿಲ್ಲ.

ನಿಮಗೋ ಮನೆಯವರಿಗೋ ಇಂಥ ಚಿಕಿತ್ಸೆ ಆಗುವುದಿದ್ದರೆ ಯಾವ ಲೇಸರ್, ಫೈಬರ್ ಹೊಸದಾ, ಒಂದು ಸಲದ್ದಾ ಹಲವು ಸಲದ್ದಾ ಅಂತ ಸಂಕೋಚ ಇಲ್ಲದೆ ಕೇಳಬಹುದು. ಕ್ಯಾತಿಟರ್‌ನ ಪೊಟ್ಟಣದ ಮೇಲೆ ಮಾದರಿ, ತಯಾರಿ ಸಂಖ್ಯೆ, ಅವಧಿ ಎಲ್ಲ ಅಚ್ಚಾಗಿರುತ್ತದೆ. ಒಂದೇ ಸಲದ ಬಳಕೆ ಅನ್ನುವುದಕ್ಕೆ 2 ಅಂಕಿಯ ಮೇಲೆ ಅಡ್ಡಗೆರೆ ಎಳೆದ ಗುರುತು ಇರುತ್ತದೆ. ಪ್ಲಗ್ ಕೂರಿಸಿದಾಗ ಯಂತ್ರ ಚಿಪ್‌ನಿಂದ ಓದಿಕೊಳ್ಳುವುದೂ ಬಹುಪಾಲು ಇದೇ ವಿವರಗಳನ್ನು.